ಮನೆತನ ಮತ್ತು ಮತ: 19ನೆಯ ಶತಮಾನದ ಕಾಮನ್ಸ್ ಸಭೆಯ ಲೆಕ್ಕ

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಪಾರ್ಲಿಮೆಂಟು ಜಮೀನುದಾರರ ಸಭೆಯಾಗಿತ್ತು ಎಂಬುದು ಬಹುಮಟ್ಟಿಗೆ ನಿಜ. ಆದುದರಿಂದ ಅಲ್ಲಿ ಬಿದ್ದ ಮತಗಳೆಲ್ಲ ಜಮೀನಿನ ಹಿತಕ್ಕಾಗಿಯೇ ಬಿದ್ದವು ಎಂಬುದು ಬಹುಮಟ್ಟಿಗೆ ಸುಳ್ಳು. ಈ ಎರಡು ಮಾತುಗಳ ನಡುವಿನ ಅಂತರವನ್ನು ಲೆಕ್ಕ ಹಾಕಿ ಅಳೆಯುವ ಕೆಲಸ ಗಂಭೀರವಾಗಿ ಆರಂಭವಾದದ್ದು 20ನೆಯ ಶತಮಾನದಲ್ಲಿ. ಅಲ್ಲಿಯವರೆಗೆ ಒಬ್ಬ ಸದಸ್ಯನ ತಂದೆ ಯಾರು, ಅವನ ಆದಾಯ ಯಾವ ಮೂಲದಿಂದ ಬರುತ್ತಿತ್ತು ಎಂಬುದು ತಿಳಿದರೆ ಅವನು ಸಭೆಯಲ್ಲಿ ಯಾವ ಕಡೆ ನಿಂತಿರಬೇಕೆಂಬುದೂ ತಿಳಿದಂತೆಯೇ ಎಂದು ಬಲಪಂಥೀಯರೂ ಎಡಪಂಥೀಯರೂ ಒಂದೇ ಬಗೆಯಲ್ಲಿ ನಂಬಿದ್ದರು. ಪರದೇಶದ ಗೋದಿಯನ್ನು ತಡೆಯುತ್ತಿದ್ದ ಧಾನ್ಯ ಕಾನೂನುಗಳ ರದ್ದತಿಯ ಕಥೆ ಗಿರಣಿಯು ಹೊಲವನ್ನು ಗೆದ್ದ ಕಥೆಯಾಗಿ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ್ದು ಈ ನಂಬಿಕೆಯ ಬಲದಿಂದಲೇ.

ಸಭೆಯ ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನು ಮೊದಲು ನೋಡಬೇಕು. 1710ರ ಒಂದು ಕಾಯಿದೆಯಂತೆ ಕೌಂಟಿಯನ್ನು, ಎಂದರೆ ಗ್ರಾಮಾಂತರ ಸೀಮೆಯನ್ನು, ಪ್ರತಿನಿಧಿಸುವವನಿಗೆ ವರ್ಷಕ್ಕೆ 600 ಪೌಂಡ್, ಬರೋವನ್ನು, ಎಂದರೆ ಸನ್ನದು ಪಡೆದ ಪಟ್ಟಣವನ್ನು, ಪ್ರತಿನಿಧಿಸುವವನಿಗೆ 300 ಪೌಂಡ್ ಭೂಮಿಯ ಹುಟ್ಟುವಳಿ ಇರಬೇಕಿತ್ತು. 1838ರಲ್ಲಿ ಭೂಮಿಯಲ್ಲದ ಆಸ್ತಿಯನ್ನೂ ಲೆಕ್ಕಕ್ಕೆ ಹಿಡಿಯಲು ಅವಕಾಶವಾಯಿತು, 1858ರಲ್ಲಿ ಇಡೀ ನಿಯಮವೇ ರದ್ದಾಯಿತು. ಗೆಳೆಯನ ಜಮೀನನ್ನು ಕಾಗದದ ಮೇಲೆ ತನ್ನದೆಂದು ತೋರಿಸಿ ಈ ನಿಯಮವನ್ನು ದಾಟಿಕೊಂಡವರೂ ಉಂಟು. ಅದಕ್ಕಿಂತ ಎತ್ತರದ ಗೋಡೆಯೆಂದರೆ, ಸದಸ್ಯರಿಗೆ ಸಂಬಳವಿರಲಿಲ್ಲ. ವರ್ಷಕ್ಕೆ 400 ಪೌಂಡಿನ ವೇತನ ಬಂದದ್ದು 1911ರಲ್ಲಿ. ಚುನಾವಣೆಯ ವೆಚ್ಚವನ್ನೂ ಲಂಡನ್ನಿನ ವಾಸದ ವೆಚ್ಚವನ್ನೂ ಸ್ವಂತ ಜೇಬಿನಿಂದ ಭರಿಸಬಲ್ಲವನಷ್ಟೇ ಆ ಹಾದಿ ಹಿಡಿಯಬಹುದಾಗಿತ್ತು. 1832ರ ಸುಧಾರಣಾ ಕಾಯಿದೆ ಇಂಗ್ಲೆಂಡಿನ 56 ಹಾಳುಬಿದ್ದ ಬರೋಗಳ ಪ್ರಾತಿನಿಧ್ಯವನ್ನು ಕಿತ್ತುಕೊಂಡು ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ಗಳಂಥ ಹೊಸ ಊರುಗಳಿಗೆ ಸ್ಥಾನ ಕೊಟ್ಟಿತಾದರೂ, 658 ಸದಸ್ಯರ ಆ ಸಭೆಯಲ್ಲಿ ಲಾರ್ಡರ ಮಕ್ಕಳು, ಅಳಿಯಂದಿರು, ಸೋದರಳಿಯಂದಿರು ಮತ್ತು ಹಳ್ಳಿಗಾಡಿನ ದೊಡ್ಡ ಹಿಡುವಳಿದಾರರ ಬಹುಮತ ಕೆಲವು ದಶಕಗಳ ಕಾಲ ಅಲುಗಲಿಲ್ಲ. ಸ್ಥಾನವೆಂಬುದು ಮನೆಯ ಸೊತ್ತಿನಂತೆ ಕೈಯಿಂದ ಕೈಗೆ ಹೋಗುತ್ತಿದ್ದುದಕ್ಕೆ ಕನ್ನಡಿಗರಿಗೆ ಪರಿಚಿತವಾದ ಹೆಸರೊಂದೇ ಸಾಕ್ಷಿ: 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಸಿದುಕೊಂಡ ಲಾರ್ಡ್ ವಿಲಿಯಂ ಬೆಂಟಿಂಕ್, ಗವರ್ನರ್ ಜನರಲ್ ಆಗಿ ಹೊರಡುವ ಮುನ್ನ ನಾರ್ಫಕ್ ಸೀಮೆಯ ಕಿಂಗ್ಸ್ ಲಿನ್ ಪಟ್ಟಣದ ಸದಸ್ಯನಾಗಿದ್ದ, ಅವನು ತೆರವು ಮಾಡಿದ ಸ್ಥಾನದಲ್ಲಿ 1828ರಲ್ಲಿ ಕುಳಿತವನು ಅವನ ಅಣ್ಣನ ಮಗ ಲಾರ್ಡ್ ಜಾರ್ಜ್ ಬೆಂಟಿಂಕ್. ಈ ಎರಡನೆಯವನ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಸದಸ್ಯರ ಮನೆತನವನ್ನು ಅರಿಯುವುದು ಎಷ್ಟು ಸುಲಭವೋ ಅವರ ಮತವನ್ನು ಅರಿಯುವುದು 1836ರವರೆಗೆ ಅಷ್ಟೇ ಕಷ್ಟವಾಗಿತ್ತು. ಅಲ್ಲಿಯವರೆಗಿನ ಪದ್ಧತಿಯಲ್ಲಿ ಮತವಿಭಜನೆಯಾದಾಗ, ಎಂದರೆ ಪರ ಮತ್ತು ವಿರೋಧದವರನ್ನು ಬೇರ್ಪಡಿಸಿ ಎಣಿಸುವಾಗ, ಒಂದು ಪಕ್ಷದವರು ಒಳಗೇ ಉಳಿದು ಇನ್ನೊಂದು ಪಕ್ಷದವರು ಹೊರಗಿನ ಪಡಸಾಲೆಗೆ, ಎಂದರೆ ಲಾಬಿಗೆ, ಹೋಗುತ್ತಿದ್ದರು. ತಲೆಗಳನ್ನು ಎಣಿಸುತ್ತಿದ್ದರೇ ಹೊರತು ಹೆಸರುಗಳನ್ನು ಅಧಿಕೃತವಾಗಿ ಬರೆದಿಡುತ್ತಿರಲಿಲ್ಲ. ಪತ್ರಿಕೆಗಳು ಅವರಿವರನ್ನು ಕೇಳಿ ಅಚ್ಚು ಹಾಕಿದ ಪಟ್ಟಿಗಳೇ ಆ ಕಾಲದ ಆಧಾರ. 1834ರ ಅಕ್ಟೋಬರ್ 16ರ ರಾತ್ರಿಯ ಬೆಂಕಿಯಲ್ಲಿ ಪಾರ್ಲಿಮೆಂಟು ಸೇರುತ್ತಿದ್ದ ಹಳೆಯ ಅರಮನೆ ಸುಟ್ಟುಹೋದ ಮೇಲೆ ತಾತ್ಕಾಲಿಕ ಸಭಾಂಗಣಕ್ಕೆ ಎರಡನೆಯ ಲಾಬಿಯೊಂದನ್ನು ಸೇರಿಸಲಾಯಿತು. 1836ರಿಂದ ಹೌದೆನ್ನುವವರು ಒಂದು ಲಾಬಿಯಲ್ಲಿ, ಅಲ್ಲವೆನ್ನುವವರು ಇನ್ನೊಂದರಲ್ಲಿ ಹಾದುಹೋಗುವಾಗ ಗುಮಾಸ್ತರು ಮುದ್ರಿತ ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಹಾಕತೊಡಗಿದರು ಮತ್ತು ಆ ಪಟ್ಟಿಗಳು ಅಧಿಕೃತವಾಗಿ ಅಚ್ಚಾಗತೊಡಗಿದವು. ಇದೇ ಕಾಲಕ್ಕೆ ಚಾರ್ಲ್ಸ್ ಡಾಡ್ ಎಂಬ ಪತ್ರಕರ್ತ ಹೊರತರತೊಡಗಿದ ಸದಸ್ಯರ ಕೈಪಿಡಿಯಲ್ಲಿ ಪ್ರತಿಯೊಬ್ಬರ ಕುಲ, ವಿದ್ಯೆ, ನಂಟಸ್ತಿಕೆಗಳ ಜೊತೆಗೆ ಅವರು ತಮ್ಮ ರಾಜಕೀಯ ನಿಲುವನ್ನು ತಾವೇ ವಿವರಿಸಿಕೊಂಡ ಸಾಲುಗಳೂ ಇರುತ್ತಿದ್ದವು. ಮತದಾನದ ಪಟ್ಟಿಯನ್ನೂ ಈ ಕೈಪಿಡಿಯನ್ನೂ ಎದುರುಬದುರು ಇಟ್ಟು ನೋಡಿದಾಗಲೇ ಹಳೆಯ ನಂಬಿಕೆ ಅಲುಗಾಡತೊಡಗಿದ್ದು.

ಅದಕ್ಕೆ ಆರಿಸಿಕೊಳ್ಳಬಹುದಾದ ಅತ್ಯುತ್ತಮ ಪರೀಕ್ಷೆ ಧಾನ್ಯ ಕಾನೂನುಗಳದ್ದು. ನೆಪೋಲಿಯನ್ನನ ಯುದ್ಧಗಳು ಮುಗಿದ 1815ರಲ್ಲಿ, ಸ್ವದೇಶದ ಗೋದಿಯ ಬೆಲೆ ಕ್ವಾರ್ಟರ್ ಒಂದಕ್ಕೆ, ಎಂದರೆ 8 ಬುಷೆಲ್‌ಗಳ ಅಳತೆಗೆ, 80 ಷಿಲ್ಲಿಂಗ್ ಮುಟ್ಟುವವರೆಗೆ ಪರದೇಶದ ಗೋದಿ ಮಾರುಕಟ್ಟೆಗೆ ಬರಕೂಡದೆಂದು ಕಾನೂನಾಯಿತು. 1828ರಲ್ಲಿ ಬೆಲೆ ಏರಿದಂತೆ ಇಳಿಯುವ ಸುಂಕದ ಪದ್ಧತಿ ಬಂತು, 1842ರಲ್ಲಿ ಅದು ಇನ್ನಷ್ಟು ಸಡಿಲವಾಯಿತು. ರೊಟ್ಟಿಯ ಬೆಲೆ ಏರಿದರೆ ಗೇಣಿ ಏರುತ್ತದೆ, ಗೇಣಿ ಏರಿದರೆ ಭೂಮಾಲೀಕ ಉಳಿಯುತ್ತಾನೆ. ರೊಟ್ಟಿಯ ಬೆಲೆ ಇಳಿದರೆ ಕೂಲಿ ಇಳಿಯುತ್ತದೆ, ಗಿರಣಿಯ ಬಟ್ಟೆಗೆ ಪರದೇಶದ ಮಾರುಕಟ್ಟೆಯೂ ತೆರೆಯುತ್ತದೆ. ಹಿತಾಸಕ್ತಿಗಳು ಇಷ್ಟು ನಿಚ್ಚಳವಾಗಿ ಎದುರುಬದುರು ನಿಂತ ಪ್ರಶ್ನೆ ಆ ಶತಮಾನದಲ್ಲಿ ಮತ್ತೊಂದು ಸಿಗುವುದು ಕಷ್ಟ. ಮ್ಯಾಂಚೆಸ್ಟರಿನ ವರ್ತಕರು ಕಟ್ಟಿದ ಧಾನ್ಯ ಕಾನೂನು ವಿರೋಧಿ ಒಕ್ಕೂಟದ ಭಾಷಣಗಳಲ್ಲಿ ಇದು ದುಡಿಯುವ ಜೇನುಗಳಿಗೂ ಕುಳಿತು ತಿನ್ನುವವರಿಗೂ ನಡುವಿನ ಹೋರಾಟವಾಗಿಯೇ ಚಿತ್ರಿತವಾಯಿತು.

ಆದರೆ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ನೋಡಿದರೆ ಚಿತ್ರ ಕಲಸಿಹೋಗುತ್ತದೆ. ಕಾನೂನನ್ನು ರದ್ದುಪಡಿಸಬೇಕೆಂದು ಸಭೆಯಲ್ಲಿ ವರ್ಷ ವರ್ಷವೂ ಸೂಚನೆ ಮಂಡಿಸುತ್ತಿದ್ದ ಚಾರ್ಲ್ಸ್ ವಿಲಿಯರ್ಸ್ ಗಿರಣಿಯವನಲ್ಲ, ಕ್ಲಾರೆಂಡನ್ ಅರ್ಲ್‌ನ ತಮ್ಮ. ವುಲ್ವರ್‌ಹ್ಯಾಂಪ್ಟನ್ ಪಟ್ಟಣ ಅವನನ್ನು 1835ರಿಂದ 1898ರವರೆಗೆ, ಅವನು ಸಾಯುವ ತನಕ, ಬಿಡದೆ ಆರಿಸಿತು. ಕಾರ್ಮಿಕರ ಮತದಾನದ ಹಕ್ಕಿಗಾಗಿ ಚಾರ್ಟಿಸ್ಟರು ಸಲ್ಲಿಸಿದ, 33 ಲಕ್ಷಕ್ಕೂ ಹೆಚ್ಚು ಸಹಿಗಳಿವೆಯೆಂದು ಹೇಳಲಾದ 1842ರ ಮನವಿಯನ್ನು ಸಭೆಯ ಮುಂದಿಟ್ಟು, 49ಕ್ಕೆ 287 ಮತಗಳಿಂದ ಸೋತ ಥಾಮಸ್ ಡನ್‌ಕೂಂಬ್ ಲಾರ್ಡ್ ಮನೆತನದ ಷೋಕಿಲಾಲ. ಇತ್ತ ಭೂಮಾಲೀಕರ ಪಕ್ಷವೆನಿಸಿದ ಕನ್ಸರ್ವೇಟಿವರ ನಾಯಕ ರಾಬರ್ಟ್ ಪೀಲ್, ಲ್ಯಾಂಕಷೈರಿನ ಹತ್ತಿ ಉದ್ಯಮದಲ್ಲಿ ಹಣ ಮಾಡಿ ಬ್ಯಾರನೆಟ್ ಪದವಿ ಪಡೆದ ಇನ್ನೊಬ್ಬ ರಾಬರ್ಟ್ ಪೀಲನ ಮಗ. ಹ್ಯಾರೋ ಶಾಲೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಟ್ಯಾಮ್‌ವರ್ತ್‌ನ ಜಮೀನು ಸೇರಿ ಅವನನ್ನು ಎರಡೇ ತಲೆಮಾರಿನಲ್ಲಿ ಭೂಮಾಲೀಕರ ಸಾಲಿನಲ್ಲಿ ಕೂರಿಸಿದ್ದವು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಕೊಳೆರೋಗ ತಗುಲಿದ ಮೇಲೆ ಈ ಪೀಲನೇ ರದ್ದತಿಯ ಮಸೂದೆ ತಂದ. 1846ರ ಮೇ 15ರಂದು ಆರಂಭವಾದ ಕಲಾಪದಲ್ಲಿ ಮೂರನೆಯ ವಾಚನ 229ಕ್ಕೆ 327 ಮತಗಳಿಂದ ಅಂಗೀಕಾರವಾದಾಗ ಅವನ ಪಕ್ಷದ ಸುಮಾರು ಮೂರನೆಯ ಎರಡು ಪಾಲು ಅವನ ವಿರುದ್ಧ ನಿಂತಿತ್ತು. ಅವನನ್ನು ಗೆಲ್ಲಿಸಿದ್ದು ಎದುರು ಪಕ್ಷದವರ ಮತಗಳು. ಜೂನ್ 25ರಂದು ಲಾರ್ಡ್ಸ್ ಸಭೆ ಮಸೂದೆಯನ್ನು ಒಪ್ಪಿದ ರಾತ್ರಿಯೇ ಕಾಮನ್ಸ್‌ನಲ್ಲಿ ಐರ್ಲೆಂಡಿಗೆ ಸಂಬಂಧಿಸಿದ ಬೇರೊಂದು ಮಸೂದೆಯ ಮೇಲೆ ಪೀಲ್ 219ಕ್ಕೆ 292 ಮತಗಳಿಂದ ಸೋತು ಅಧಿಕಾರ ಬಿಟ್ಟ. ಬಂಡೆದ್ದ ಸ್ವಪಕ್ಷೀಯರ ಮುಂದಾಳಾಗಿದ್ದವನು ಅದುವರೆಗೆ ಸಭೆಗಿಂತ ಕುದುರೆ ಪಂದ್ಯದಲ್ಲೇ ಹೆಚ್ಚು ಹೆಸರಾಗಿದ್ದ, ಕಿಂಗ್ಸ್ ಲಿನ್‌ನ ಲಾರ್ಡ್ ಜಾರ್ಜ್ ಬೆಂಟಿಂಕ್.

ಬಂಡೆದ್ದವರೆಲ್ಲ ಭೂಮಾಲೀಕರು, ಪೀಲನ ಜೊತೆ ಉಳಿದವರೆಲ್ಲ ವರ್ತಕರ ನಂಟರು ಎಂದು ಇಲ್ಲಿಯೂ ಹೇಳಿಬಿಡುವ ಆಸೆ ಸಹಜ. ಆ ಆಸೆಗೆ ತಡೆಹಾಕಿದವನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಇತಿಹಾಸಕಾರ ವಿಲಿಯಂ ಐಡೆಲಾಟ್. 1841ರಿಂದ 1847ರವರೆಗಿನ ಪಾರ್ಲಿಮೆಂಟಿನಲ್ಲಿ ಒಮ್ಮೆಯಾದರೂ ಕುಳಿತಿದ್ದ 815 ಮಂದಿಯ ಮನೆತನ, ವೃತ್ತಿ, ಕ್ಷೇತ್ರ, ಪಕ್ಷಗಳ ವಿವರಗಳನ್ನು ಕೂಡಿಹಾಕಿ, 186 ಮತವಿಭಜನೆಗಳಲ್ಲಿ ಅವರು ನಿಂತ ಕಡೆಯನ್ನು ಅದರೊಡನೆ ಹೊಂದಿಸಿ ನೋಡುವ ಕೆಲಸದಲ್ಲಿ ಅವನು ದಶಕಗಳನ್ನೇ ಕಳೆದ. 1950ರ ಮತ್ತು 60ರ ದಶಕಗಳಲ್ಲಿ ಪ್ರಕಟವಾದ ಅವನ ಲೇಖನಗಳು ತೋರಿಸಿದ್ದಿಷ್ಟು: ಕನ್ಸರ್ವೇಟಿವ್ ಪಕ್ಷದೊಳಗೆ ರದ್ದತಿಗೆ ಮತ ಕೊಟ್ಟವರಲ್ಲಿಯೂ ಕೊಡದವರಲ್ಲಿಯೂ ಹಳ್ಳಿಗಾಡಿನ ಭೂಮಾಲೀಕರ ಪ್ರಮಾಣ ಹೆಚ್ಚುಕಡಿಮೆ ಒಂದೇ ಬಗೆಯದು, ಅದೇ ಪಕ್ಷದ ವ್ಯಾಪಾರಿಗಳೂ ತಮ್ಮ ಪಕ್ಷದ ಭೂಮಾಲೀಕರಿಗಿಂತ ಬೇರೆಯಾಗಿ ನಡೆದುಕೊಳ್ಳಲಿಲ್ಲ, ಎದುರಿನ ಲಿಬರಲ್ ಸಾಲಿನಲ್ಲಿದ್ದ ಭೂಮಾಲೀಕರು ಲಿಬರಲರಂತೆಯೇ ಮತ ಹಾಕಿದರು. ಒಬ್ಬ ಸದಸ್ಯ ಯಾವ ಕಡೆ ನಿಲ್ಲುತ್ತಾನೆಂದು ತಿಳಿಯಲು ಅವನ ಮನೆತನಕ್ಕಿಂತ ಅವನ ಪಕ್ಷವೇ ಎಷ್ಟೋ ಪಾಲು ಹೆಚ್ಚು ನೆರವಾಗುತ್ತಿತ್ತು.

ಈ ತೀರ್ಮಾನದ ಹಿಂದೆ ಅಡಗಿರುವ ತೊಡಕನ್ನು ಐಡೆಲಾಟ್ ಬಲ್ಲವನಾಗಿದ್ದ. ಯಾರು ಭೂಮಾಲೀಕ, ಯಾರು ವ್ಯಾಪಾರಿ ಎಂದು ಹಣೆಪಟ್ಟಿ ಅಂಟಿಸುವುದು ಎಣಿಸುವ ಕೆಲಸಕ್ಕಿಂತ ಕಠಿಣವಾದದ್ದು. ಒಕ್ಕೂಟದ ಕಣ್ಮಣಿಯಾಗಿದ್ದ ರಿಚರ್ಡ್ ಕಾಬ್ಡನ್ ಸಸೆಕ್ಸ್ ಸೀಮೆಯ ಸಣ್ಣ ಬೇಸಾಯಗಾರನ ಮಗ. ಮ್ಯಾಂಚೆಸ್ಟರಿನಲ್ಲಿ ಚೀಟಿ ಬಟ್ಟೆಯ ಮುದ್ರಣದಿಂದ ಮೇಲೆ ಬಂದವನು. ಧಾನ್ಯ ಕಾನೂನು ಸತ್ತ ಮೇಲೆ ಅಭಿಮಾನಿಗಳು ಕೂಡಿಸಿಕೊಟ್ಟ ಸುಮಾರು 75,000 ಪೌಂಡ್ ನಿಧಿಯ ಒಂದು ಭಾಗದಿಂದ ತಾನು ಹುಟ್ಟಿದ ಕಡೆಯಲ್ಲೇ ಜಮೀನು ಕೊಂಡವನು. ಅವನನ್ನು ಯಾವ ಕಂಬಸಾಲಿಗೆ ಸೇರಿಸಬೇಕು? ಭೂಮಾಲೀಕನ ಹೊಲದಡಿ ಕಲ್ಲಿದ್ದಲು ಸಿಕ್ಕಿದರೆ, ಅವನ ತಿಜೋರಿಯಲ್ಲಿ ರೈಲ್ವೆ ಕಂಪನಿಯ ಷೇರುಗಳಿದ್ದರೆ, ಅವನ ಹಿತ ಗೋದಿಯಲ್ಲಿದೆಯೇ ಗಿರಣಿಯಲ್ಲಿದೆಯೇ ಎಂಬ ಪ್ರಶ್ನೆಗೆ ಕುಲಚರಿತ್ರೆಯ ಪುಸ್ತಕ ಉತ್ತರ ಕೊಡಲಾರದು. ವರ್ಗವೆಂಬುದು ಇತಿಹಾಸಕಾರನ ಖಾತೆಪುಸ್ತಕದಲ್ಲಿ ಇರುವಷ್ಟು ಗಟ್ಟಿಯಾಗಿ ಆ ಕಾಲದ ಮನೆಗಳಲ್ಲಿ ಇರಲಿಲ್ಲ ಎಂಬುದೇ ಈ ಎಣಿಕೆಯಿಂದ ದೊರೆಯುವ ಮೊದಲ ಲಾಭ.

ಐಡೆಲಾಟ್ ಬಳಸಿದ ಇನ್ನೊಂದು ಉಪಕರಣವೆಂದರೆ ಸಮಾಜವಿಜ್ಞಾನಿ ಲೂಯಿಸ್ ಗಟ್‌ಮನ್ ರೂಪಿಸಿದ ಶ್ರೇಣಿ ಪದ್ಧತಿ. ಅದರ ತತ್ತ್ವವನ್ನು ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಂದ ವಿವರಿಸಬಹುದು: 700ನೆಯ ಮೆಟ್ಟಿಲನ್ನು ಮುಟ್ಟಿದವನು 300ನೆಯದನ್ನು ದಾಟಿಯೇ ಬಂದಿರುತ್ತಾನೆ. ಹಾಗೆಯೇ ಚಾರ್ಟಿಸ್ಟರ ಮನವಿಯಂಥ ಅತಿ ಕಡಿದಾದ ಸೂಚನೆಗೆ ಹೌದೆಂದವನು ಧಾನ್ಯ ಕಾನೂನಿನ ರದ್ದತಿಗೆ ಹೌದೆನ್ನದೆ ಇರುವುದು ವಿರಳ. ರದ್ದತಿಗೆ ಹೌದೆಂದವನು ಅದಕ್ಕಿಂತ ಸೌಮ್ಯವಾದ ಸುಂಕದ ಇಳಿಕೆಗೂ ಹೌದೆಂದಿರುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುವ ಸುಂಕ, ಮತದಾನದ ಹಕ್ಕು, ಚರ್ಚು, ಐರ್ಲೆಂಡ್ ಇವೆಲ್ಲದರ ಮೇಲಿನ ಮತಗಳು ಒಂದೇ ಮೆಟ್ಟಿಲಸಾಲಿನಲ್ಲಿ ಕೂರುತ್ತವೆಂಬುದೂ, ಆ ಸಾಲಿನ ಒಂದು ತುದಿಯಲ್ಲಿ ಲಿಬರಲರೂ ಇನ್ನೊಂದು ತುದಿಯಲ್ಲಿ ಕನ್ಸರ್ವೇಟಿವರೂ ಹೆಚ್ಚು ಬೆರೆಯದೆ ನಿಲ್ಲುತ್ತಾರೆಂಬುದೂ ಈ ಪದ್ಧತಿಯಿಂದ ಗೋಚರಿಸಿತು. ತಮ್ಮ ಮನಸ್ಸಾಕ್ಷಿಗೆ ಮಾತ್ರ ಬದ್ಧರಾದ ಸ್ವತಂತ್ರ ಗೃಹಸ್ಥರ ಸಭೆಯೆಂದು ವಿಕ್ಟೋರಿಯಾ ಕಾಲದ ಕಾಮನ್ಸನ್ನು ಕೊಂಡಾಡುವವರಿಗೂ ಇದರಿಂದ ನಿರಾಶೆಯೇ.

ಈ ಮೆಟ್ಟಿಲಸಾಲಿಗೆ ಹೊಂದದೆ ಹೊರಗುಳಿದ ಮುಖ್ಯ ವಿಷಯ, ಕುತೂಹಲದ ಸಂಗತಿಯೆಂದರೆ, ಕಾರ್ಖಾನೆಗಳಲ್ಲಿ ಹೆಂಗಸರ ಮತ್ತು ಹರೆಯದವರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಸೀಮಿತಗೊಳಿಸುವ ಮಸೂದೆ. ಅದರ ಮುಂದಾಳು ಷಾಫ್ಟ್ಸ್‌ಬರಿ ಅರ್ಲ್‌ನ ಉತ್ತರಾಧಿಕಾರಿ ಲಾರ್ಡ್ ಆಶ್ಲಿ. ಅದನ್ನು ಬಲವಾಗಿ ವಿರೋಧಿಸಿದವನು ರಾಚ್‌ಡೇಲ್‌ನ ಗಿರಣಿ ಮನೆತನದ ಜಾನ್ ಬ್ರೈಟ್. ಇಷ್ಟಕ್ಕೇ ನಿಲ್ಲಿಸಿದರೆ ಹೊಲ ಮತ್ತು ಗಿರಣಿಯ ಹಳೆಯ ಕಥೆ ಮತ್ತೆ ಜೀವ ತಳೆಯುತ್ತದೆ. ಆದರೆ ಆಶ್ಲಿ ಸಭೆಯಲ್ಲಿ ಇಲ್ಲದ ಹೊತ್ತಿನಲ್ಲಿ ಮಸೂದೆಯನ್ನು ಕೈಗೆತ್ತಿಕೊಂಡು 1847ರಲ್ಲಿ ಕಾಯಿದೆಯಾಗಿಸಿದ ಜಾನ್ ಫೀಲ್ಡನ್ ಕೂಡ ಟಾಡ್‌ಮರ್ಡನ್‌ನ ದೊಡ್ಡ ಹತ್ತಿಗಿರಣಿಗಳ ಮಾಲೀಕನೇ. 1844ರ ಮಾರ್ಚಿನ ಒಂದೇ ರಾತ್ರಿ ಸಭೆಯು 12 ಗಂಟೆ ಬೇಡವೆಂದೂ 10 ಗಂಟೆಯೂ ಬೇಡವೆಂದೂ ಕೆಲವೇ ಮತಗಳ ಅಂತರದಿಂದ ತೀರ್ಮಾನಿಸಿ ತನ್ನನ್ನೇ ಕಟ್ಟಿಹಾಕಿಕೊಂಡಿತು. ಬ್ರೈಟನ ಗಿರಣಿ ಪ್ರಜ್ಞೆ ಎಲ್ಲಿಯೂ ಕೆಲಸ ಮಾಡಲಿಲ್ಲ ಎಂದಲ್ಲ: ಅಮೆರಿಕದ ಗುಲಾಮರು ಬೆಳೆದ ಹತ್ತಿಯ ಮೇಲೆ ಲ್ಯಾಂಕಷೈರ್ ಪೂರ್ತಿ ಅವಲಂಬಿಸಿರುವುದು ಅಪಾಯಕರವೆಂದು ಕಂಡು, 1848ರಲ್ಲಿ ಭಾರತದ ಹತ್ತಿ ಬೆಳೆಯನ್ನು ಕುರಿತ ಕಾಮನ್ಸ್ ಸಮಿತಿಗೆ ಅವನೇ ಅಧ್ಯಕ್ಷನಾದ, ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಅಮೆರಿಕದ ತಳಿಯನ್ನು ಬೆಳೆಸುವ ಪ್ರಯೋಗಗಳು ನಡೆದದ್ದು ಆ ದಶಕದಲ್ಲಿಯೇ. ಸ್ವಹಿತ ಇತ್ತು, ಅದು ಮತವನ್ನು ಒಂಟಿಯಾಗಿ ಆಳುತ್ತಿರಲಿಲ್ಲ, ಅಷ್ಟೆ.

ಮನೆತನ ವಿವರಿಸಲಾರದ್ದನ್ನು ಕ್ಷೇತ್ರ ಸ್ವಲ್ಪಮಟ್ಟಿಗೆ ವಿವರಿಸುತ್ತದೆ. 1846ರಲ್ಲಿ ಕೌಂಟಿಗಳಿಂದ ಬಂದ ಕನ್ಸರ್ವೇಟಿವರು ಬಹುಪಾಲು ಪೀಲನ ವಿರುದ್ಧ ನಿಂತರು. ಪಟ್ಟಣಗಳಿಂದ ಬಂದವರು ಒಡೆದುಹೋದರು. 1872ರವರೆಗೆ ಮತದಾನ ಬಹಿರಂಗವಾಗಿತ್ತೆಂಬುದನ್ನೂ, ಗೇಣಿದಾರ ಯಾರಿಗೆ ಮತ ಕೊಟ್ಟನೆಂಬುದು ಒಡೆಯನಿಗೆ ತಿಳಿಯುತ್ತಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಡಾರ್ಸೆಟ್ ಕೌಂಟಿಯ ಸದಸ್ಯನಾಗಿದ್ದ ಆಶ್ಲಿಗೆ ಧಾನ್ಯ ಕಾನೂನಿನ ವಿಷಯದಲ್ಲಿ ಮನಸ್ಸು ಬದಲಾದಾಗ, ತನ್ನನ್ನು ಆರಿಸಿದ ಬೇಸಾಯಗಾರರಿಗೆ ದ್ರೋಹವಾಗಬಾರದೆಂದು 1846ರ ಜನವರಿಯಲ್ಲಿ ಸ್ಥಾನವನ್ನೇ ಬಿಟ್ಟ. ನ್ಯೂಕ್ಯಾಸಲ್ ಡ್ಯೂಕ್‌ನ ಮಗ ಲಾರ್ಡ್ ಲಿಂಕನ್ ಪೀಲನ ಜೊತೆ ಉಳಿದದ್ದಕ್ಕೆ ದಕ್ಷಿಣ ನಾಟಿಂಗ್‌ಹ್ಯಾಮ್‌ಷೈರಿನ ಉಪಚುನಾವಣೆಯಲ್ಲಿ ತಂದೆಯೇ ವಿರೋಧವಾಗಿ ಕೆಲಸ ಮಾಡಿ ಅವನನ್ನು ಸೋಲಿಸಿದ. ಅದೇ ಡ್ಯೂಕ್‌ನ ಹಿಡಿತದಲ್ಲಿದ್ದ ನ್ಯೂವಾರ್ಕ್ ಸ್ಥಾನವನ್ನು ಕಳೆದುಕೊಂಡ ವಿಲಿಯಂ ಗ್ಲ್ಯಾಡ್‌ಸ್ಟನ್, ಮಂತ್ರಿಯಾಗಿದ್ದೂ ಆ ವರ್ಷದ ಮಹಾಚರ್ಚೆಯ ಕಾಲದಲ್ಲಿ ಸಭೆಯ ಹೊರಗಿದ್ದ. ತಂದೆ ಮಗನಿಗೆ ಒಂದೇ ಜಮೀನು, ಒಂದೇ ರಕ್ತ. ನಿಲುವು ಮಾತ್ರ ಎರಡು. 21ನೆಯ ಶತಮಾನದ ಆರಂಭದಲ್ಲಿ ಷೆರಿಲ್ ಷೋನ್‌ಹಾರ್ಟ್ ಬೇಲಿ ಎಂಬ ವಿದ್ವಾಂಸೆ ಹೊಸ ಗಣಿತದೊಂದಿಗೆ ಇದೇ ಪ್ರಶ್ನೆಗೆ ಮರಳಿ, ಪೀಲನ ಬೆಂಬಲಿಗರ ಕ್ಷೇತ್ರಗಳಲ್ಲಿ ಉದ್ಯಮ ವಾಣಿಜ್ಯಗಳ ಹಿತ ಅವನ ವಿರೋಧಿಗಳ ಕ್ಷೇತ್ರಗಳಿಗಿಂತ ಹೆಚ್ಚಾಗಿತ್ತೆಂದು ತೋರಿಸಿದಾಗ ಐಡೆಲಾಟನ ವಾದ ಪೂರ್ತಿ ಬಿದ್ದುಹೋಗಲಿಲ್ಲ, ಸರಿಯಾದ ಜಾಗಕ್ಕೆ ಸರಿಯಿತು: ಹಿತಾಸಕ್ತಿಯನ್ನು ಸದಸ್ಯನ ವಂಶವೃಕ್ಷದಲ್ಲಿ ಹುಡುಕುವುದಕ್ಕಿಂತ ಅವನ ಮತದಾರರ ಪಟ್ಟಿಯಲ್ಲಿ ಹುಡುಕಬೇಕು.

ಪಕ್ಷವೇ ಮತವನ್ನು ನಿರ್ಧರಿಸುತ್ತಿತ್ತು ಎಂದಾಗ ಇಂದಿನ ಬಗೆಯ ಪಕ್ಷಶಿಸ್ತನ್ನು ಕಲ್ಪಿಸಿಕೊಳ್ಳಬಾರದು. ಸದಸ್ಯರನ್ನು ಸಭೆಗೆ ಕರೆತರುವವನಿಗೆ ಸಂದ ವಿಪ್ ಎಂಬ ಹೆಸರೇ ನರಿಬೇಟೆಯಿಂದ ಬಂದದ್ದು. ಬೇಟೆನಾಯಿಗಳು ಚದುರದಂತೆ ಚಾಟಿ ಹಿಡಿದು ಒಗ್ಗೂಡಿಸುವ ಆಳಿಗೆ ಇದ್ದ ಹೆಸರು ಅದು. ಆದರೆ ಈ ಚಾಟಿಗೆ ಬಹುಕಾಲ ಬಲವಿರಲಿಲ್ಲ. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷನಾದ ಲಾರೆನ್ಸ್ ಲೋವೆಲ್, ಒಂದು ಪಕ್ಷದಿಂದ ಮತ ಹಾಕಿದವರಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ಒಂದೇ ಕಡೆ ನಿಂತರೆ ಅದನ್ನು ಪಕ್ಷದ ಮತವೆಂದು ಕರೆಯಬಹುದೆಂಬ ಅಳತೆಗೋಲು ಹಿಡಿದು 1836ರಿಂದ 1899ರವರೆಗಿನ ಏಳು ವರ್ಷಗಳ ಪಟ್ಟಿಗಳನ್ನು ಪರೀಕ್ಷಿಸಿದ. 1860ರ ಹೊತ್ತಿಗೆ ತೀರ ತಗ್ಗಿದ್ದ ಪಕ್ಷದ ಮತಗಳು ಶತಮಾನದ ಕೊನೆಗೆ ಮತವಿಭಜನೆಗಳ ಬಹುಪಾಲನ್ನು ಆವರಿಸಿಕೊಂಡವು. ಹ್ಯೂ ಬೆರಿಂಗ್ಟನ್ 1968ರಲ್ಲಿ ಇದಕ್ಕೆ ಒಂದು ತಿದ್ದುಪಡಿ ಸೇರಿಸಿದ: ನಡುಶತಮಾನದಲ್ಲಿ ಕಂಡ ಶಿಥಿಲತೆಗೆ ಒಂದು ಕಾರಣ, ಎರಡೂ ಪಕ್ಷಗಳ ಮುಂದಾಳುಗಳು ತೀವ್ರಗಾಮಿಗಳ ವಿರುದ್ಧ ಒಂದೇ ಲಾಬಿಗೆ ನಡೆಯುತ್ತಿದ್ದುದು. 1886ರಲ್ಲಿ ಐರ್ಲೆಂಡಿನ ಸ್ವರಾಜ್ಯದ ಮಸೂದೆಯ ವಿರುದ್ಧ 93 ಲಿಬರಲರು ಮತ ಹಾಕಿ ತಮ್ಮ ನಾಯಕ ಗ್ಲ್ಯಾಡ್‌ಸ್ಟನ್‌ನನ್ನು ಸೋಲಿಸಿದಾಗಲೂ, ಡೆವನ್‌ಷೈರ್ ಡ್ಯೂಕ್‌ನ ಉತ್ತರಾಧಿಕಾರಿ ಹಾರ್ಟಿಂಗ್ಟನ್ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಕ್ರೂ ತಯಾರಿಸಿ ಸಿರಿವಂತನಾದ ಜೋಸೆಫ್ ಚೇಂಬರ್ಲೇನ್ ಒಂದೇ ಬಾಗಿಲಿನಿಂದ ಹೊರಬಂದರು. ಆ ಒಡಕನ್ನು ವರ್ಗದಿಂದ ವಿವರಿಸಲಾಗದೆಂದು ಡಬ್ಲ್ಯು. ಸಿ. ಲುಬೆನೋ 1988ರ ತನ್ನ ಗ್ರಂಥದಲ್ಲಿ ತೋರಿಸಿದ್ದಾನೆ.

ಇಲ್ಲೊಂದು ವಿಪರ್ಯಾಸವಿದೆ. ಸದಸ್ಯರೆಲ್ಲ ಹೆಚ್ಚುಕಡಿಮೆ ಒಂದೇ ಶಾಲೆ, ಒಂದೇ ಕ್ಲಬ್ಬು, ಒಂದೇ ಬೇಟೆಯ ಕಾಡಿನವರಾಗಿದ್ದ ಕಾಲದಲ್ಲಿ ಅವರ ಮತಗಳು ಚೆಲ್ಲಾಪಿಲ್ಲಿಯಾಗಿ ಬಿದ್ದವು; 1867 ಮತ್ತು 1884ರ ಕಾಯಿದೆಗಳು ಮತದಾರರ ಸಂಖ್ಯೆಯನ್ನು ಹಿಗ್ಗಿಸಿ ಸಭೆಯಲ್ಲಿ ಬಗೆಬಗೆಯ ಹುಟ್ಟಿನವರು ಕಾಣಿಸಿಕೊಳ್ಳತೊಡಗಿದ ಹೊತ್ತಿಗೆ ಮತಗಳು ಸಾಲುಗಟ್ಟಿ ನಿಂತವು. ಹಿಗ್ಗಿದ ಮತದಾರವರ್ಗವನ್ನು ತಲುಪಲು ಸಂಘಟನೆ ಬೇಕಾಯಿತು, ಸಂಘಟನೆಯ ಋಣ ಹೊತ್ತು ಬಂದವನು ಅದರ ಮಾತು ಮೀರುವುದು ಕಷ್ಟವಾಯಿತು. 1877ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ರಾಷ್ಟ್ರೀಯ ಲಿಬರಲ್ ಒಕ್ಕೂಟ ಅಂಥ ಸಂಘಟನೆಗಳ ಮಾದರಿ. 1874ರಲ್ಲಿ ಗಣಿ ಕಾರ್ಮಿಕರಾದ ಥಾಮಸ್ ಬರ್ಟ್ ಮತ್ತು ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ ಸಭೆಗೆ ಬಂದರು. 1885ರಲ್ಲಿ ಹೊಲಗೂಲಿಗಳ ಸಂಘ ಕಟ್ಟಿದ ಜೋಸೆಫ್ ಆರ್ಚ್, ಬೆಂಟಿಂಕರ ಕಿಂಗ್ಸ್ ಲಿನ್‌ನ ಸುತ್ತಲಿನ ವಾಯವ್ಯ ನಾರ್ಫಕ್‌ನಿಂದ ಆರಿಸಿಬಂದ. ಬಾಲ್ಯದಲ್ಲಿ ಹೊಲದ ಹಕ್ಕಿ ಓಡಿಸುವ ಕೆಲಸ ಮಾಡಿದ್ದ ಆರ್ಚ್‌ನನ್ನು ಅವನ ಕಾಲದ ಲಿಬರಲ್ ಭೂಮಾಲೀಕರಿಂದ ಬೇರ್ಪಡಿಸಿ ತೋರಿಸಲು ಮತಪಟ್ಟಿಯೊಂದೇ ಸಾಲದು, ಏಕೆಂದರೆ ಅವನು ಗ್ಲ್ಯಾಡ್‌ಸ್ಟನ್‌ನ ನಿಷ್ಠಾವಂತ ಅನುಯಾಯಿಯಾಗಿದ್ದ.

ಒಂದೇ ಹಿನ್ನೆಲೆಯವರು ಎರಡು ಪಕ್ಷಗಳ ಪಾಲಾದ ನಿದರ್ಶನ ಶತಮಾನದ ಕೊನೆಯ ದಶಕದಲ್ಲಿ ಭಾರತದಿಂದಲೇ ಒದಗಿತು. ಮುಂಬಯಿಯ ಪಾರ್ಸಿ ದಾದಾಭಾಯಿ ನವರೋಜಿ 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಲಿಬರಲ್ ಸದಸ್ಯನಾಗಿ ಗೆದ್ದ. ಮುಂಬಯಿಯ ಇನ್ನೊಬ್ಬ ಪಾರ್ಸಿ ಮಂಚೇರ್ಜಿ ಭಾವನಗ್ರಿ 1895ರಲ್ಲಿ ಅದೇ ಲಂಡನ್ನಿನ ಈಶಾನ್ಯ ಬೆತ್ನಲ್ ಗ್ರೀನ್‌ನಿಂದ ಕನ್ಸರ್ವೇಟಿವ್ ಸದಸ್ಯನಾಗಿ ಗೆದ್ದ. ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಭಾರತದಲ್ಲಿಯೂ ಏಕಕಾಲಕ್ಕೆ ನಡೆಸಬೇಕೆಂದು ಹರ್ಬರ್ಟ್ ಪಾಲ್ 1893ರ ಜೂನ್ 2ರಂದು ತಂದ ನಿರ್ಣಯ, ನವರೋಜಿಯ ಬೆಂಬಲದೊಡನೆ, ಅವನ ಪಕ್ಷದ್ದೇ ಆದ ಸರ್ಕಾರದ ಇಚ್ಛೆಗೆ ವಿರುದ್ಧವಾಗಿ 76ಕ್ಕೆ 84 ಮತಗಳಿಂದ ಅಂಗೀಕಾರವಾಯಿತು, ಜಾರಿಯಾಗಲಿಲ್ಲ. ಭಾವನಗ್ರಿಯಾದರೋ ಕಾಂಗ್ರೆಸ್ಸಿನ ಬೇಡಿಕೆಗಳಿಂದ ದೂರ ನಿಂತವನು. ಒಂದೇ ಊರಿನ, ಒಂದೇ ಕೋಮಿನ ಈ ಇಬ್ಬರ ಹೆಸರುಗಳು ಒಂದೇ ಮತಪಟ್ಟಿಯಲ್ಲಿ ಎದುರುಬದುರಾಗಿ ಅಚ್ಚಾಗುವ ಸಂದರ್ಭ ಮಾತ್ರ ಬರಲೇ ಇಲ್ಲ. ಭಾವನಗ್ರಿಯನ್ನು ಒಳಗೆ ಕಳುಹಿಸಿದ 1895ರ ಚುನಾವಣೆಯೇ ನವರೋಜಿಯನ್ನು ಹೊರಗೆ ಕಳುಹಿಸಿತು.